ತೋಟ ತೀರ್ಥಹಳ್ಳಿಯಲ್ಲಿ, ಮನೆ ಶಿವಮೊಗ್ಗದಲ್ಲಿ: ಹಳೇ ಬಡಾವಣೆಯೋ, ಹೊಸ ಲೇಔಟೋ?

ಪ್ರಶ್ನೆ:

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಸ್ವಲ್ಪ ಅಡಿಕೆ ತೋಟ ಇದೆ. ಮಗಳು ಮುಂದಿನ ವರ್ಷ ಪಿಯುಸಿ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಪ್ರತಿ ಸಲ 60 ಕಿ.ಮೀ. ಬಂದು, ಮತ್ತೆ ಅಷ್ಟೇ ದೂರ ವಾಪಸ್ ಹೋಗುವುದು ಅವರಿಗೆ ಆಗ್ತಾ ಇಲ್ಲ. ಅದಕ್ಕೆ ಶಿವಮೊಗ್ಗದಲ್ಲಿ ಒಂದು ಮನೆ ಮಾಡಬೇಕು ಅಂತಿದ್ದೇವೆ. ವಿನೋಬನಗರದಲ್ಲಿ 30×40 ಸೈಟಿನಲ್ಲಿ ಒಂದು ಹಳೇ ಮನೆ ಮಾರಾಟಕ್ಕಿದೆ. ಅದೇ ದುಡ್ಡಿಗೆ ಸವಳಂಗ ರಸ್ತೆಯಲ್ಲಿ ನವುಲೆ ದಾಟಿದರೆ ದೊಡ್ಡ ಸೈಟು ತಗೊಂಡು ಹೊಸದಾಗಿಯೇ ಕಟ್ಟಿಸಬಹುದು. ಇನ್ನೊಬ್ಬ ಬ್ರೋಕರ್ ಸೋಗಾನೆ ಕಡೆ ತಗೊಳ್ಳಿ, ಏರ್‌ಪೋರ್ಟ್ ಆಗಿದೆ, ಐದು ವರ್ಷದಲ್ಲಿ ರೇಟು ಎಲ್ಲಿಗೋ ಹೋಗುತ್ತೆ ಅಂತಾರೆ. ಅಲ್ಲಿ ಇದ್ದು ಅನುಭವ ಇರುವವರು ದಯವಿಟ್ಟು ಹೇಳಿ. ಇರುವ ಉಳಿತಾಯವೆಲ್ಲ ಇದಕ್ಕೇ ಹಾಕ್ತಿದ್ದೇವೆ. ತಪ್ಪು ಮಾಡುವ ಹಾಗಿಲ್ಲ.

ವಿನೋಬನಗರದಿಂದ:

ನಾವು ಇಲ್ಲಿಗೆ ಬಂದು 28 ವರ್ಷ ಆಯ್ತು. ಬಂದಾಗ ನಮ್ಮ ಬೀದಿಯಲ್ಲಿ ಇಪ್ಪತ್ತು ಚಿಲ್ಲರೆ ಮನೆ, ಹೆಚ್ಚಿನವು ಒಂದೇ ಅಂತಸ್ತು. ಮುಂದೆ ಒಂದು ತೆಂಗು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ಕರಿಬೇವು. ಬೀದಿ ಈಗಲೂ ಅದೇ, ಸೈಟುಗಳೂ ಅಷ್ಟೇ. ಆದರೆ ಕಳೆದ ಸಲ ಗಣಪತಿ ಚಂದಾಕ್ಕೆ ಮನೆಮನೆ ಹತ್ತಿದಾಗ ಕುಟುಂಬಗಳ ಲೆಕ್ಕ ಅರವತ್ತು ದಾಟಿತು. ಹಳೇ ಮನೆ ಕೆಡವಿ ಮೂರು ಅಂತಸ್ತು ಎತ್ತುತ್ತಾರೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಪೂರ್ತಿ ಬಾಡಿಗೆಯವರೇ. 100 ಅಡಿ ರಸ್ತೆಯ ಕಡೆ ಮನೆಗಳಿಗಿಂತ ಅಂಗಡಿಗಳೇ ಜಾಸ್ತಿ ಕಾಣುತ್ತವೆ.

ಈ ಜನ ಎಲ್ಲಿಂದ ಬಂದರು ಅಂದರೆ, ನಿಮ್ಮ ಊರಿನಂಥ ಊರುಗಳಿಂದಲೇ. ಗಣತಿ ನೋಡಿ. 2001ರಲ್ಲಿ ಶಿವಮೊಗ್ಗ ನಗರದಲ್ಲಿ 2.74 ಲಕ್ಷ ಜನ ಇದ್ದರು, 2011ಕ್ಕೆ 3.22 ಲಕ್ಷ ಆದರು. ಇಡೀ ಜಿಲ್ಲೆ ಅದೇ ಹತ್ತು ವರ್ಷದಲ್ಲಿ 16.42 ಲಕ್ಷದಿಂದ 17.52 ಲಕ್ಷಕ್ಕೆ ಹೋಯಿತು. ಅಂದರೆ ಜಿಲ್ಲೆಯಲ್ಲಿ ಹೆಚ್ಚಾದ ಜನರಲ್ಲಿ ಶೇ. 40ಕ್ಕೂ ಜಾಸ್ತಿ ಈ ಒಂದೇ ಊರಿನ ಲೆಕ್ಕಕ್ಕೆ ಸೇರಿದೆ. 2021ರ ಗಣತಿ ನಡೆಯಲೇ ಇಲ್ಲ, ಹಾಗಾಗಿ ಆಮೇಲಿನದನ್ನು ಕಣ್ಣಳತೆಯಲ್ಲೇ ಹೇಳಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟದ ಮನೆಗಳವರು ಮಕ್ಕಳ ಕಾಲೇಜಿಗೆ, ಹಿರಿಯರ ಆಸ್ಪತ್ರೆಗೆ ಅಂತ ಬರುತ್ತಲೇ ಇದ್ದಾರೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟದ ಮೇಲಿನ ನಂಬಿಕೆ ಅಲುಗಾಡಿದ ಮೇಲೆ ಇದು ಇನ್ನೂ ಜಾಸ್ತಿ ಆಗಿದೆ ಅಂತ ನನಗನ್ನಿಸುತ್ತೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದರೆ, ನೀವು ಹಳೇ ಬಡಾವಣೆಯಲ್ಲಿ ಮನೆ ತಗೊಳ್ಳುವಾಗ ಗೋಡೆ, ತಾರಸಿ ಮಾತ್ರ ನೋಡಬಾರದು. ನೆಲದ ಕೆಳಗೆ ಏನಿದೆ ಅಂತ ನೋಡಬೇಕು. ಬೀದಿಯ ಒಳಚರಂಡಿ ಪೈಪು ಹಾಕುವಾಗ ಒಂದು ಸೈಟಿಗೆ ಒಂದು ಮನೆ ಅಂತ ಎಣಿಸಿರುತ್ತಾರೆ. ಈಗ ಒಂದು ಸೈಟಿನಿಂದ ಮೂರು ನಾಲ್ಕು ಮನೆಯ ನೀರು ಅದಕ್ಕೇ ಇಳಿಯುತ್ತೆ. ಅದಾದರೂ ಹೇಗೋ ತಡೆದುಕೊಳ್ಳುತ್ತೆ. ನಿಜವಾದ ತೊಂದರೆ ಮಳೆ ನೀರಿನದು. ತಾರಸಿಯ ಪೈಪನ್ನು ರಸ್ತೆ ಬದಿಯ ಚರಂಡಿಗೆ ಬಿಡಬೇಕು. ಹತ್ತಿರ ಆಗುತ್ತೆ ಅಂತ ಜನ ಅದನ್ನು ಯುಜಿಡಿ, ಅಂದರೆ ಒಳಚರಂಡಿಯ ಚೇಂಬರಿಗೇ ಸೇರಿಸಿಬಿಡುತ್ತಾರೆ. ಜೋರು ಮಳೆ ಬಂದಾಗ ಪೈಪು ತುಂಬುತ್ತೆ, ನೀರಿಗೆ ಹೋಗಲು ದಾರಿ ಇರುವುದಿಲ್ಲ. ಬೀದಿಯಲ್ಲಿ ಯಾರ ಮನೆ ಎಲ್ಲಕ್ಕಿಂತ ತಗ್ಗಿನಲ್ಲಿದೆಯೋ ಅವರ ಬಚ್ಚಲಿನಲ್ಲಿ ಉಕ್ಕುತ್ತೆ.

ಅದು ನಮ್ಮ ಮನೆಯಲ್ಲೇ ಆಯ್ತು. 2019ರ ಆಗಸ್ಟಿನಲ್ಲಿ ತುಂಗೆ ತುಂಬಿ ಹರಿದು ಹೊಳೆ ಕಡೆಯ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತಲ್ಲ, ಆ ವಾರ. ನಾವಿರುವುದು ಹೊಳೆಯಿಂದ ದೂರ, ನಮಗೇನೂ ಆಗಲ್ಲ ಅಂದುಕೊಂಡಿದ್ದೆವು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಬಚ್ಚಲ ತೂತಿನಿಂದ ಕಪ್ಪು ನೀರು ಮೇಲೆ ಬರ್ತಿದೆ. ಅಮ್ಮ ಆಗ ಬದುಕಿದ್ದರು, ಅವರನ್ನು ಎತ್ತಿಕೊಂಡು ಮೇಲಿನ ಮನೆಯವರ ಹತ್ತಿರ ಬಿಟ್ಟೆವು. ಆ ವಾಸನೆ ಹೋಗಲು ತಿಂಗಳು ಹಿಡಿಯಿತು. ಆಮೇಲೆ ಚೇಂಬರಿನ ಹತ್ತಿರ ನೀರು ವಾಪಸ್ ಬಾರದ ಹಾಗೆ ವಾಲ್ವ್ ಹಾಕಿಸಿ, ತಾರಸಿ ನೀರನ್ನು ಬೇರೆ ಮಾಡಿದೆವು. ಅಕ್ಕಪಕ್ಕದ ಆರು ಮನೆಯವರ ಕೈಕಾಲು ಹಿಡಿದು ಅವರ ಪೈಪನ್ನೂ ಬದಲಾಯಿಸಿದ ಮೇಲೇ ಸರಿಹೋಗಿದ್ದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸೋಂಕು ತಗಲಿದರೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಮನೆಯನ್ನು ಮಳೆಯಲ್ಲೇ ಬಂದು ನೋಡಿ. ಬಿಸಿಲಲ್ಲಿ ಯಾವ ಮನೆಯೂ ಚೆಂದ ಕಾಣುತ್ತೆ. ಬೀದಿ ಎತ್ತ ಇಳಿಜಾರಿದೆ, ಮನೆಯ ನೆಲ ರಸ್ತೆಗಿಂತ ಎಷ್ಟು ಎತ್ತರ ಇದೆ ನೋಡಿ. ಡಾಂಬರಿನ ಮೇಲೆ ಡಾಂಬರು, ಆಮೇಲೆ ಕಾಂಕ್ರೀಟು ಬಿದ್ದು ಹಳೇ ಮನೆಗಳು ರಸ್ತೆಗಿಂತ ಕೆಳಗೆ ಹೋಗಿಬಿಟ್ಟಿವೆ. ಮಂಚ, ಬೀರುವಿನ ಹಿಂದಿನ ಗೋಡೆ ನೋಡಿ. ಹೊಸ ಪೇಂಟು ಕೆಳಗಿನ ಎರಡು ಅಡಿಗೆ ಮಾತ್ರ ಇದ್ದರೆ ಯಾಕೆ ಅಂತ ಕೇಳಿ. ಮಾರುವವರನ್ನಲ್ಲ, ಎದುರು ಮನೆಯ ಅಜ್ಜಿಯನ್ನು ಕೇಳಿ.

ಕಾಗದದ ವಿಷಯ ಒಂದೇ ಹೇಳ್ತೇನೆ. ಹಳೇ ಬಡಾವಣೆಯ ಮನೆಗಳು ಮಾರಾಟಕ್ಕೆ ಬರುವುದು ಹೆಚ್ಚಾಗಿ ಹಿರಿಯರು ತೀರಿಕೊಂಡ ಮೇಲೆ. ಖಾತೆ ಒಬ್ಬ ಮಗನ ಹೆಸರಿಗೆ ಇರುತ್ತೆ, ಆದರೆ ಹಕ್ಕು ಎಲ್ಲರಿಗೂ ಇರುತ್ತೆ. ವಂಶವೃಕ್ಷ ತರಿಸಿ. ಹೆಣ್ಣುಮಕ್ಕಳ ಸಹಿಯೂ ಬೇಕು. ಅಕ್ಕ ಅಮೆರಿಕದಲ್ಲಿದ್ದಾರೆ, ಅವರದ್ದೇನೂ ತಕರಾರಿಲ್ಲ ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಇ.ಸಿ. (ಋಣಭಾರ ಪ್ರಮಾಣಪತ್ರ) ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ನವುಲೆ ಆಚೆಯಿಂದ:

ಮೇಲಿನವರು ಹೇಳಿದ್ದು ನಿಜ. ಆದರೆ ಹೊಸ ಲೇಔಟಿನಲ್ಲಿ ಆ ಕಷ್ಟ ಇಲ್ಲ ಅಂದುಕೊಳ್ಳಬೇಡಿ, ಇಲ್ಲಿಯದು ಬೇರೆ ಥರ. ನಾವು ಸೈಟು ತಗೊಳ್ಳುವಾಗ ಯುಜಿಡಿ ಆಗಿದೆ ಅಂತ ಲೇಔಟ್ ಮಾಡಿದವರು ಚೇಂಬರುಗಳನ್ನು ತೋರಿಸಿದರು. ಮುಚ್ಚಳ ತೆಗೆದು ತೋರಿಸಿದರು ಕೂಡ. ಮನೆ ಕಟ್ಟಿದ ಮೇಲೆ ಗೊತ್ತಾಗಿದ್ದು, ಆ ಪೈಪು ಲೇಔಟಿನ ಮೂಲೆಯವರೆಗೆ ಬಂದು ನಿಂತಿದೆ, ಮುಂದೆ ಎಲ್ಲಿಗೂ ಸೇರಿಲ್ಲ. ಕೊನೆಗೆ ನಾವೇ ಗುಂಡಿ ತೋಡಿಸಿದೆವು. ಹಾಗಾಗಿ ಚೇಂಬರ್ ಇದೆಯಾ ಅಂತ ಕೇಳಬೇಡಿ, ಅದರ ನೀರು ಎಲ್ಲಿಗೆ ಹೋಗಿ ಸೇರುತ್ತೆ ಅಂತ ಕೇಳಿ. ಕುಡಿಯುವ ನೀರಿಗೂ ಇದೇ ಮಾತು. ನಲ್ಲಿ ಇದ್ದ ಮಾತ್ರಕ್ಕೆ ತುಂಗೆ ನೀರು ಬಂತು ಅಂತಲ್ಲ. ಲೇಔಟಿನ ಬೋರ್‌ವೆಲ್ ನೀರೂ ಅದೇ ನಲ್ಲಿಯಲ್ಲಿ ಬರಬಹುದು.

ಜಾಗ ಮೊದಲು ಏನಾಗಿತ್ತು ಅನ್ನುವುದೂ ಮುಖ್ಯ. ಈ ಕಡೆ ಗದ್ದೆ ಇದ್ದ ಜಾಗಕ್ಕೆ ಮಣ್ಣು ತುಂಬಿ ಸೈಟು ಮಾಡಿರುತ್ತಾರೆ. ಗದ್ದೆ ಅಂದರೆ ನೀರು ನಿಲ್ಲುವ ಜಾಗವೇ ಅಲ್ವಾ? ಅಲ್ಲಿ ಪಾಯಕ್ಕೆ ಜಾಸ್ತಿ ಖರ್ಚು ಬೀಳುತ್ತೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ನೋಡಿ. ಸರ್ವೆ ನಂಬರ್, ಪಕ್ಕದ ಕೆರೆ, ಹಳ್ಳ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲ ತೋರಿಸುತ್ತೆ. ಆಮೇಲೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಕನ್ವರ್ಷನ್ ಆದೇಶ, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವ್ ಮಾಡಿದ ನಕ್ಷೆ, ಪಾರ್ಕಿಗೆ ಬಿಟ್ಟ ಜಾಗ ಇವನ್ನು ಹೊಂದಿಸಿ ನೋಡಿ. ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿನ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರಂ 9 ಮತ್ತು 11 ಕೇಳಿ. ನಗರದೊಳಗಾದರೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಅಪ್ರೂವಲ್ ಇಲ್ಲದ ಸೈಟಿಗೆ ಬಿ-ಖಾತಾ ಕೊಟ್ಟರು ಅಂದರೆ ಲೇಔಟ್ ಸಕ್ರಮ ಆಯ್ತು ಅಂತಲ್ಲ, ತೆರಿಗೆಯ ಲೆಕ್ಕಕ್ಕೆ ಸೇರಿತು ಅಂತ ಅಷ್ಟೇ.

ಇಷ್ಟೆಲ್ಲ ಹೇಳಿದರೂ ನನಗೆ ಈ ಜಾಗ ಇಷ್ಟ. ಗಾಳಿ ಇದೆ, ಹಿತ್ತಲಿದೆ, ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಹತ್ತಿರ. ರೈಲ್ವೆ ಮೇಲ್ಸೇತುವೆ ಆದ ಮೇಲೆ ಗೇಟ್ ಹಾಕಿ ಕಾಯುವ ಕಷ್ಟವೂ ತಪ್ಪಿದೆ. ಆದರೆ ನಿಮ್ಮ ಅಪ್ಪನ ದೃಷ್ಟಿಯಿಂದ ನೋಡಿದರೆ ನಾನು ಇಲ್ಲಿಗೆ ಬನ್ನಿ ಅನ್ನಲಾರೆ. ನಮ್ಮ ಲೇಔಟಿನಲ್ಲಿ ಮೂರರಲ್ಲಿ ಎರಡು ಸೈಟು ಇನ್ನೂ ಖಾಲಿ. ಹಗಲು ಮನೆಯಲ್ಲಿ ಒಬ್ಬರೇ ಇದ್ದಾಗ ತಲೆ ಸುತ್ತಿ ಬಿದ್ದರೆ ಕೂಗಿದರೂ ಕೇಳುವವರಿಲ್ಲ.

ಗೋಪಾಳದಿಂದ:

ನಾನು ಹೊಸನಗರ ಕಡೆಯವಳು. ಯಜಮಾನರು ತೋಟದಲ್ಲಿ, ನಾನು, ಮಕ್ಕಳು, ಅತ್ತೆ ಇಲ್ಲಿ ಬಾಡಿಗೆ ಮನೆಯಲ್ಲಿ. ಆರು ವರ್ಷ ಆಯ್ತು. ನನ್ನ ಸಲಹೆ ಒಂದೇ. ಈಗಲೇ ಏನೂ ಕೊಳ್ಳಬೇಡಿ. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ.

ಅತ್ತೆಗೂ ಮೊದಲು ಡಯಾಲಿಸಿಸ್ ಇತ್ತು. ನಾಲ್ಕು ಗಂಟೆ ಯಂತ್ರದ ಮೇಲಿದ್ದು ಬಂದವರಿಗೆ ಮೆಟ್ಟಿಲು ಹತ್ತುವ ಶಕ್ತಿ ಇರುವುದಿಲ್ಲ. ಬಿಪಿ ಇಳಿದಿರುತ್ತೆ. ನಾವು ಮೊದಲು ಎರಡನೇ ಮಹಡಿಯಲ್ಲಿದ್ದು ಪಟ್ಟ ಪಾಡು ಯಾರಿಗೂ ಬೇಡ. ಕೆಳಗಿನ ಮನೆ, ಬಾಗಿಲವರೆಗೆ ಆಟೋ ಬರಬೇಕು, ಬಚ್ಚಲು ಕೋಣೆಗೆ ತಾಗಿಕೊಂಡೇ ಇರಬೇಕು. ಈ ಮೂರು ಸಿಕ್ಕರೆ ಬಣ್ಣ, ಟೈಲ್ಸು ನೋಡಲೇಬೇಡಿ. ಮನೆ ಹುಡುಕುವುದಾದರೆ ಫೆಬ್ರವರಿ, ಮಾರ್ಚಿನಲ್ಲೇ ಹುಡುಕಿ. ಮೇ, ಜೂನಿನಲ್ಲಿ ಕಾಲೇಜಿನವರೆಲ್ಲ ಒಟ್ಟಿಗೆ ಬರುತ್ತಾರೆ, ಆಗ ಒಳ್ಳೆ ಮನೆ ಸಿಗುವುದು ಕಷ್ಟ, ಬಾಡಿಗೆಯೂ ಜಾಸ್ತಿ ಹೇಳುತ್ತಾರೆ.

ಇನ್ನೊಂದು ಮಾತು. ಹಳ್ಳಿಯಲ್ಲಿ ಜಗುಲಿ ಮೇಲೆ ಕೂತವರನ್ನು ಪೇಟೆಯ ಕೋಣೆಗೆ ತಂದು ಹಾಕಿದರೆ ಅವರು ಒಳಗೊಳಗೇ ಕುಗ್ಗುತ್ತಾರೆ. ಅತ್ತೆ ಮೊದಲ ವರ್ಷ ಸರಿಯಾಗಿ ಮಾತೇ ಆಡಲಿಲ್ಲ. ಈ ಬೀದಿಗೆ ಬಂದ ಮೇಲೆ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರ್ತಾರೆ. ಹೂವಿನವಳು, ಸೊಪ್ಪಿನವರು, ಎದುರು ಮನೆಯವರು ಎಲ್ಲ ನಿಂತು ಮಾತಾಡಿಸುತ್ತಾರೆ. ಹಳೇ ಬೀದಿಯಲ್ಲಿ ಸಿಗುವುದು ಇದು.

ಭದ್ರಾವತಿ ರಸ್ತೆಯಿಂದ:

ಸೋಗಾನೆ ಬಗ್ಗೆ ಯಾರೂ ಹೇಳಲಿಲ್ಲ. ವಿಮಾನ ನಿಲ್ದಾಣ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಆಗಸ್ಟ್ 31ರಿಂದ ವಿಮಾನ ಹಾರಲು ಶುರುವಾಯ್ತು. 3.2 ಕಿ.ಮೀ. ರನ್‌ವೇ ಇದೆ. ನಮಗೆಲ್ಲ ಹೆಮ್ಮೆಯೇ. ಆದರೆ ದಿನಾ ಹಾಲು, ಔಷಧಿ, ಕಾಲೇಜು ಬಸ್ಸು ಬೇಕಾದವರಿಗೆ ರನ್‌ವೇ ಹತ್ತಿರ ಇದ್ದು ಏನು ಉಪಯೋಗ? ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೂ ಮಿತಿ ಇರುತ್ತೆ, ಅದನ್ನೂ ವಿಚಾರಿಸಬೇಕು. ಅದಕ್ಕಿಂತ ಮುಖ್ಯ, ನಿಮಗೆ ಅದು ಊರಿನ ಆಚೆ ಬದಿ. ತೀರ್ಥಹಳ್ಳಿಗೆ ಹೋಗಬೇಕಾದರೆ ಪ್ರತಿ ಸಲ ಶಿವಮೊಗ್ಗ ದಾಟಬೇಕು. ಕೊಯ್ಲಿನ ಹೊತ್ತಿನಲ್ಲಿ ವಾರಕ್ಕೆ ಮೂರು ಸಲ ಓಡಾಡುವವರಿಗೆ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ಜೋರು ಮಳೆಯಲ್ಲೇ ಆ ಹಳೇ ಮನೆಗೆ ಹೋಗಿದ್ದೆವು. ಹೊರಗೆ ಎಲ್ಲ ಸರಿ ಇತ್ತು. ಹಿಂದಿನ ಕೋಣೆಯ ಬೀರು ಸರಿಸಿ ಎಂದು ಕೇಳಿದಾಗ ಮನೆಯವರು ಸ್ವಲ್ಪ ತಡವರಿಸಿದರು. ಸರಿಸಿದರೆ ಒಂದೂವರೆ ಅಡಿ ಎತ್ತರಕ್ಕೆ ನೀರು ನಿಂತ ಗೆರೆ. ಬೀದಿಯಲ್ಲಿ ಅದೇ ಕೊನೆಯ ಮನೆ, ತಗ್ಗು ಅದರ ಕಡೆಗೇ. ಜೊತೆಗೆ ಇಬ್ಬರು ಹೆಣ್ಣುಮಕ್ಕಳ ಸಹಿ ಬಾಕಿ ಇದೆ. ಬಿಟ್ಟೆವು. ಅಪ್ಪನನ್ನು ಕೇಳಿದೆ. ಬೀದಿಯಲ್ಲಿ ಜನ ಓಡಾಡುವ ಕಡೆ ಆದರೆ ಬರ್ತೇನೆ ಅಂದರು. ಒಂದು ವರ್ಷ ಬಾಡಿಗೆಗೆ ಇರೋಣ ಅಂತ ತೀರ್ಮಾನ ಆಯ್ತು. ವಿನೋಬನಗರದ ಎತ್ತರದ ಕಡೆ ಕೆಳಗಿನ ಮನೆ ಯಾವುದಾದರೂ ಇದ್ದರೆ ತಿಳಿಸಿ.

ವಿನೋಬನಗರದಿಂದ, ಮತ್ತೆ:

ನಮ್ಮ ಬೀದಿಯ ಮೇಲಿನ ತುದಿಯಲ್ಲಿ ಒಂದು ಖಾಲಿಯಾಗಿದೆ. ಎರಡು ಕೋಣೆ, ಒಂದಕ್ಕೆ ಬಚ್ಚಲು ತಾಗಿಕೊಂಡೇ ಇದೆ. ಗೇಟಿಂದ ಬಾಗಿಲಿಗೆ ಎರಡೇ ಮೆಟ್ಟಿಲು, ಅದಕ್ಕೂ ಹಿಡಿಕೆ ಹಾಕಿಸಿಕೊಡ್ತೇವೆ ಅಂತ ಮಾಲೀಕರು ಒಪ್ಪಿದ್ದಾರೆ. ತಾರಸಿ ನೀರು ಎಲ್ಲಿಗೆ ಹೋಗುತ್ತೆ ಅಂತ ನಾನೇ ನೋಡಿದ್ದೇನೆ, ರಸ್ತೆ ಚರಂಡಿಗೆ. ಭಾನುವಾರ ಅಪ್ಪನನ್ನೂ ಕರೆದುಕೊಂಡು ಬನ್ನಿ. ಕೀ ನಮ್ಮ ಮನೆಯಲ್ಲೇ ಇದೆ.