ಜಿಎಸ್‌ಟಿ ಇಳಿದರೂ ಕಟಿಂಗ್ ರೇಟ್ ಯಾಕೆ ಇಳಿಯಲಿಲ್ಲ?

ಮೈಸೂರು_ಓದುಗ: 2025ರ ಸೆಪ್ಟೆಂಬರ್ 22ರಿಂದ ಸಲೂನ್ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ನಾನು ಹೋಗುವ ಕಡೆ ಮೊದಲು 300 ರೂಪಾಯಿ, ತೆರಿಗೆ ಸೇರಿ 354. ಈಗ 330, ತೆರಿಗೆ ಸೇರಿ 346.50. ಸರ್ಕಾರ ಬಿಟ್ಟಿದ್ದು 37.50, ನನಗೆ ಸಿಕ್ಕಿದ್ದು 7.50. ಉಳಿದ 30 ರೂಪಾಯಿ ಮಾಲೀಕರ ಜೇಬಿಗೆ ಹೋಯಿತು ಅಲ್ವಾ?

ಸಲೂನ್_ನಡೆಸುವವ: ಪೂರ್ತಿ ಜೇಬಿಗಲ್ಲ ಸರ್. 5 ಪರ್ಸೆಂಟ್ ಬಂದಾಗ ಇನ್‌ಪುಟ್ ಕ್ರೆಡಿಟ್, ಅಂದರೆ ನಾವು ಖರೀದಿ, ಬಾಡಿಗೆ ಮೇಲೆ ಕೊಟ್ಟ ತೆರಿಗೆಗೆ ಸಿಗುತ್ತಿದ್ದ ವಿನಾಯಿತಿ, ಹೋಯಿತು. ನನ್ನ ಮಳಿಗೆ ಬಾಡಿಗೆ 40,000. ಅದರ ಮೇಲೆ 18 ಪರ್ಸೆಂಟ್ ಅಂದರೆ 7,200. ಮೊದಲು ನಾನು ಸರ್ಕಾರಕ್ಕೆ ಕಟ್ಟುವ ತೆರಿಗೆಯಿಂದ ಅಷ್ಟನ್ನು ಕಳೆದು ಉಳಿದದ್ದನ್ನು ಕಟ್ಟುತ್ತಿದ್ದೆ. ಈಗ ಕೈಯಿಂದಲೇ ಹೋಗುತ್ತದೆ. ಕಲರ್, ಕ್ರೀಮಿನ ತೆರಿಗೆಯೂ ಹಾಗೇ.

ನಿವೃತ್ತ_ಮೇಷ್ಟ್ರು: ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಮೊದಲು, ಆಮೇಲೆ ಅಂತ ಬರೀ ಎರಡು ಬಿಲ್ ಇಟ್ಟುಕೊಂಡರೆ ಉತ್ತರ ಸಿಗುವುದಿಲ್ಲ. ತೆರಿಗೆ ಇಳಿಯದೇ ಇದ್ದಿದ್ದರೆ ರೇಟ್ ಎಷ್ಟಿರುತ್ತಿತ್ತು? ಕೇಳಬೇಕಾದದ್ದು ಇದು.

ಫಿನ್‌ಲ್ಯಾಂಡಿನಲ್ಲಿ 2007ರ ಜನವರಿಯಲ್ಲಿ ಕಟಿಂಗ್ ಮೇಲಿನ ವ್ಯಾಟ್ 22ರಿಂದ 8ಕ್ಕೆ ಇಳಿಯಿತು. ಪೂರ್ತಿ ಲಾಭ ಗಿರಾಕಿಗೆ ಸಿಕ್ಕಿದ್ದರೆ ತೆರಿಗೆ ಸೇರಿ 122 ಇದ್ದದ್ದು 108 ಆಗಬೇಕಿತ್ತು. ಅಲ್ಲಿನ ಅರ್ಥಶಾಸ್ತ್ರಜ್ಞರು ಬ್ಯೂಟಿ ಪಾರ್ಲರ್‌ಗಳ ರೇಟನ್ನು ಪಕ್ಕದಲ್ಲಿಟ್ಟು ನೋಡಿದರು, ಯಾಕಂದರೆ ಅವುಗಳ ತೆರಿಗೆ ಬದಲಾಗಿರಲಿಲ್ಲ. ಗಿರಾಕಿಗೆ ತಲುಪಿದ್ದು ಸುಮಾರು ಅರ್ಧ. 2012ರಲ್ಲಿ ತೆರಿಗೆ ಮತ್ತೆ ಮೇಲೇರಿತು. ಆಗ ರೇಟ್ ಏರಿದ್ದು ಮೊದಲು ಇಳಿದದ್ದರ ಸುಮಾರು ಎರಡರಷ್ಟು! ಇಳಿಯುವಾಗ ಆಮೆ, ಏರುವಾಗ ಮೊಲ. ಈ ವಿಷಯ ನನಗೆ ಇವತ್ತಿಗೂ ಬೇಸರ ತರಿಸುತ್ತದೆ.

ನಿಮ್ಮ ಬೀದಿಯಲ್ಲೂ ಹೀಗೆ ಹೋಲಿಸಬಹುದು. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದ ಸಣ್ಣ ಅಂಗಡಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅಂಥ ಕಡೆ ರೇಟ್ ಏನಾಯಿತು, ಕೇಳಿಕೊಂಡು ಬನ್ನಿ.

ಮೈಸೂರು_ಓದುಗ: ಕೇಳಿದೆ ಮೇಷ್ಟ್ರೇ. ಹಾಲಿನ ಬೂತ್ ಪಕ್ಕ ಎರಡೇ ಕುರ್ಚಿಯ ಅಂಗಡಿ. ಗೋಡೆಯ ಬೋರ್ಡಿನಲ್ಲಿ 120ನ್ನು ಹೊಡೆದು ಸ್ಕೆಚ್ ಪೆನ್ನಿನಲ್ಲಿ 130 ಅಂತ ಬರೆದಿದ್ದಾರೆ. ಹುಡುಗರ ಸಂಬಳ ಜಾಸ್ತಿ ಆಯ್ತು ಅಂದರು.

ನಿವೃತ್ತ_ಮೇಷ್ಟ್ರು: ನೋಡಿ, ಲೆಕ್ಕವೇ ತಿರುಗಿತು. ಅಲ್ಲಿ ನೂರಕ್ಕೆ ಎಂಟು ಚಿಲ್ಲರೆ ಏರಿದೆ. ಅದೇ ಲೆಕ್ಕದಲ್ಲಿ ನಿಮ್ಮ 300, ತೆರಿಗೆ ಇಳಿಯದಿದ್ದರೂ 325 ಆಗುತ್ತಿತ್ತು. ತೆರಿಗೆ ಇಳಿದ ನೆಪದಲ್ಲಿ ಏರಿದ್ದು ಐದೇ ರೂಪಾಯಿ ಇರಬಹುದು. ಆದರೆ ಒಂದು ಅಂಗಡಿ ನೋಡಿ ತೀರ್ಮಾನ ಮಾಡಬೇಡಿ. ಇನ್ನೂ ಹತ್ತು ಅಂಗಡಿಯ ಹಳೇ ರೇಟು, ಹೊಸ ರೇಟು, ಏರಿಸಿದ ತಿಂಗಳು ಬರೆದುಕೊಳ್ಳಿ. ಇಲ್ಲೇ ಹಾಕಿ, ಕೂತು ಲೆಕ್ಕ ಮಾಡೋಣ.