ಪದಚರ್ಚೆ: ‘ಹೊಡೆಯಬಲ್ಲ’, ‘ಹೊಡೆದಾನು’ – ಎಳೆಯ ಆಟಗಾರನ ‘ಪೊಟೆನ್ಷಿಯಲ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಪದ ‘ಪೊಟೆನ್ಷಿಯಲ್’. ನಿಘಂಟು ನೋಡಿ ಅನ್ನಬೇಡಿ, ನೋಡಿದ್ದೇನೆ. ಅಲ್ಲಿರುವ ಯಾವುದೂ ನನಗೆ ಬೇಕಾದ ಜಾಗದಲ್ಲಿ ಕೂರುತ್ತಿಲ್ಲ. ಆ ಜಾಗ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ.

ನಾನಿರುವುದು ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ. ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಕನ್ನಡದ ಮನೆಗಳು ಬೇಕಾದಷ್ಟಿವೆ. ಈ ಭಾಗದ ಫುಟಿ (ಆಸ್ಟ್ರೇಲಿಯದವರದೇ ಆದ ಫುಟ್ಬಾಲ್) ತಂಡ ಅಂದರೆ ವೆಸ್ಟರ್ನ್ ಬುಲ್‌ಡಾಗ್ಸ್. 1996ರ ತನಕ ಅದರ ಹೆಸರು ಫುಟ್‌ಸ್ಕ್ರೇ. ಚಳಿಗಾಲದಲ್ಲಿ ಇಲ್ಲಿ ಕ್ರಿಕೆಟ್ ಇರುವುದಿಲ್ಲ. ಹಾಗಾಗಿ ನಮ್ಮವರು ಒಂದಷ್ಟು ಜನ ಬುಲ್‌ಡಾಗ್ಸ್ ಹಿಂದೆ ಬಿದ್ದಿದ್ದಾರೆ. ಅವರ ಮಾತೆಲ್ಲ ಸ್ಯಾಮ್ ಡಾರ್ಸಿ ಅನ್ನುವ ಹುಡುಗನ ಸುತ್ತ.

ಈ ಆಟ ನೋಡದವರಿಗೆ ಸ್ವಲ್ಪ ವಿವರ. ಕ್ರಿಕೆಟ್ ಆಡುವಂಥ ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಚೆಂಡು ನಡುವಿನ ಎರಡು ಕಂಬದ ಮಧ್ಯೆ ಹೋದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಒಂದೇ ಅಂಕ. ಹದಿನೈದು ಮೀಟರಾದರೂ ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳದ ಹಾಗೆ ಹಿಡಿದರೆ ಅದು ‘ಮಾರ್ಕ್’. ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ನಿಂತು, ಗುರಿ ನೋಡಿ ಒದೆಯಬಹುದು. ಹಾಗಾಗಿ ಮುಂಚೂಣಿಯಲ್ಲಿ ಎತ್ತರದವರಿಗೆ ಬೆಲೆ ಜಾಸ್ತಿ. ನಾಲ್ಕು ಜನರ ನಡುವೆ ಹಾರಿ ಹಿಡಿಯುವುದೇ ಅವರ ಕೆಲಸ.

ಡಾರ್ಸಿ ಹುಟ್ಟಿದ್ದು 2003ರಲ್ಲಿ. ಎತ್ತರ 208 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಆರಡಿ ಹತ್ತಂಗುಲ. ತಾತ ಡೇವಿಡ್, ಅಪ್ಪ ಲ್ಯೂಕ್ ಇಬ್ಬರೂ ಇದೇ ಕ್ಲಬ್ಬಿಗೆ ಆಡಿದವರು. ಅಪ್ಪ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ ಮಗನನ್ನು ಸೇರಿಸಿಕೊಳ್ಳುವ ಮೊದಲ ಹಕ್ಕು ಆ ಕ್ಲಬ್ಬಿಗೆ ಅಂತ ಇಲ್ಲೊಂದು ನಿಯಮ ಇದೆ. ಆ ನಿಯಮದಲ್ಲೇ 2021ರ ಡ್ರಾಫ್ಟಿನಲ್ಲಿ ಇವನು ಎರಡನೆಯವನಾಗಿ ಬಂದ. ಡ್ರಾಫ್ಟ್ ಅಂದರೆ ವರ್ಷದ ಕೊನೆಯಲ್ಲಿ ಕ್ಲಬ್ಬುಗಳು ಸರದಿ ಪ್ರಕಾರ ಎಳೆಯ ಹುಡುಗರನ್ನು ಆರಿಸಿಕೊಳ್ಳುವ ದಿನ. ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ.

ಈಗ ಜಗಳಕ್ಕೆ ಬರೋಣ. ಒಂದು ಗುಂಪು ಹೇಳುತ್ತದೆ, ‘ಹುಡುಗನಿಗೆ ಪೊಟೆನ್ಷಿಯಲ್ ಇದೆ ಮಾರಾಯ, ಲೀಗಿಗೇ ನಂಬರ್ ಒನ್ ಆಗ್ತಾನೆ ನೋಡ್ತಿರು.’ ಇನ್ನೊಂದು ಗುಂಪು, ‘ಪೊಟೆನ್ಷಿಯಲ್ ಇದೆಯಪ್ಪ, ಯಾರು ಇಲ್ಲ ಅಂದ್ರು? ಆದರೆ ಮೊದಲು ಆಗಲಿ.’ 2025ರಲ್ಲಿ ಅವನು ಮೊಣಕಾಲಿನ ಗಾಯದಿಂದ ಕೆಲವು ವಾರ ಹೊರಗಿದ್ದಾಗ ಈ ಎರಡನೇ ಗುಂಪಿನ ದನಿ ಜೋರಾಗಿತ್ತು. ಗಮನಿಸಿ. ಇಬ್ಬರೂ ಬಳಸಿದ್ದು ಒಂದೇ ಪದ. ಒಬ್ಬ ಅದನ್ನು ಹೊಗಳೋಕೆ ಬಳಸಿದ, ಇನ್ನೊಬ್ಬ ಅನುಮಾನಪಡೋಕೆ. ಒಬ್ಬನಿಗೆ ಅದು ‘ಇದೆ’, ಇನ್ನೊಬ್ಬನಿಗೆ ‘ಇನ್ನೂ ಇಲ್ಲ’. ಹೀಗೆ ಗಂಟೆಗಟ್ಟಲೆ ಎಳೆದಾಡುತ್ತಾರೆ. ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಅಂತ ನನಗೆ ಅನುಮಾನ. ಜಗಳ ಮುಗಿಸೋ ಆಸೆ ಯಾರಿಗೂ ಇಲ್ಲ, ಅದು ಬೇರೆ ಮಾತು.

ನಮ್ಮಲ್ಲಿ ಈಗಾಗಲೇ ಇರುವ ಪದಗಳನ್ನು ನೋಡೋಣ.

‘ಸಾಮರ್ಥ್ಯ’ ಅಂದರೆ ಕೈಯಲ್ಲಿ ಆಗಲೇ ಇರುವುದು. ‘ಅವನಿಗೆ ಸಾಮರ್ಥ್ಯ ಇದೆ’ ಅಂದಮೇಲೆ ಚರ್ಚೆಗೆ ಏನು ಉಳಿಯಿತು? ಅಚ್ಚಗನ್ನಡದ ‘ಅಳವು’ ಕೂಡ ಇದೇ ಸಾಲಿನದು. ಭೌತಶಾಸ್ತ್ರದ ಪುಸ್ತಕದಲ್ಲಿ ‘ಪ್ರಚ್ಛನ್ನ ಶಕ್ತಿ’ ಓದಿದ್ದೇವೆ, ವಿದ್ಯುತ್ ಪಾಠದಲ್ಲಿ ‘ವಿಭವಾಂತರ’. ಅವು ಅಲ್ಲೇ ಚೆಂದ. ‘ಸುಪ್ತ ಪ್ರತಿಭೆ’ ಶಾಲಾ ವಾರ್ಷಿಕೋತ್ಸವದ ಭಾಷಣದ ಸ್ವತ್ತು. ‘ಮಕ್ಕಳಲ್ಲಿ ಅಡಗಿರುವ ಸುಪ್ತ ಪ್ರತಿಭೆಯನ್ನು...’ ಅಂತ ಶುರುವಾದರೆ ಹಿಂದಿನ ಸಾಲಿನವರು ಎದ್ದು ಹೊರಡುತ್ತಾರೆ. ಅದೂ ಅಲ್ಲದೆ ಸುಪ್ತ ಅಂದರೆ ಮಲಗಿರುವುದು. ಎಪ್ಪತ್ತು ಸಾವಿರ ಜನರ ಮುಂದೆ ಹಾರುವ ಹುಡುಗನಿಗೆ ಅದು ಹೇಗೆ ಹೊಂದುತ್ತದೆ? ‘ಉದಯೋನ್ಮುಖ’ ಅನ್ನುವುದು ವಯಸ್ಸನ್ನಷ್ಟೇ ಹೇಳುತ್ತದೆ.

ಪತ್ರಿಕೆಯ ಕ್ರೀಡಾಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವುದು ‘ಭರವಸೆಯ ಆಟಗಾರ’. ಇದು ಕೆಟ್ಟ ಪದವಲ್ಲ. ಆದರೆ ಭರವಸೆ ಯಾರದು? ಆಡುವವನದಲ್ಲ, ನೋಡುವವರದು. ‘ಭರವಸೆ ಹುಸಿಯಾಯಿತು’ ಅಂತಲೂ ಅದೇ ಪುಟದಲ್ಲಿ ಬರೆಯುತ್ತಾರೆ, ಹುಡುಗ ಮಾತು ಕೊಟ್ಟು ತಪ್ಪಿದ ಹಾಗೆ. ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ ಅಲ್ವಾ?

ಇದು ಬರೀ ಪದದ ಕಿರಿಕಿರಿ ಅಲ್ಲ. ಇಲ್ಲಿನ ಫುಟಿಯ ಇತಿಹಾಸ ತೆಗೆದರೆ ಇದೇ ಕಥೆ. 2008ರ ಡ್ರಾಫ್ಟಿನಲ್ಲಿ ಮೆಲ್ಬರ್ನ್ ತಂಡ ಜ್ಯಾಕ್ ವಾಟ್ಸ್ ಅನ್ನುವ ಹುಡುಗನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಮುಂದಿನ ವರ್ಷ ಜೂನಿನಲ್ಲಿ ಕಾಲಿಂಗ್‌ವುಡ್ ಎದುರಿನ ದೊಡ್ಡ ಪಂದ್ಯದಲ್ಲಿ ಮೈದಾನಕ್ಕೆ ಇಳಿಸಿದರು. ವಯಸ್ಸು 18. ಚೆಂಡು ಕೈಗೆ ಸಿಕ್ಕಿದ ಕೂಡಲೇ ಎದುರಾಳಿಗಳು ಗುಂಪಾಗಿ ಬಂದು ಕೆಡವಿದರು. ಆ ಚಿತ್ರ ಇಲ್ಲಿನ ಅಭಿಮಾನಿಗಳ ತಲೆಯಲ್ಲಿ ಇನ್ನೂ ಇದೆ. ವಾಟ್ಸ್ ಆಮೇಲೆ ನೂರೈವತ್ತಕ್ಕೂ ಜಾಸ್ತಿ ಪಂದ್ಯ ಆಡಿದ. ಅದು ಸಣ್ಣ ಬಾಳಿಕೆಯಲ್ಲ. ಆದರೂ ಜನ ಅವನನ್ನು ಹುಸಿಯಾದ ಭರವಸೆ ಅಂತಲೇ ಲೆಕ್ಕ ಹಾಕಿದರು. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಹೊಲಿಸಿದ್ದು ಯಾರು? ಕುಲಾವಿ ಅಳತೆಗೆ ಬರಲಿಲ್ಲ ಅಂತ ಕೂಸಿನ ಮೇಲೆ ಸಿಟ್ಟು.

ಟಾಮ್ ಬಾಯ್ಡ್ ಇನ್ನೂ ವಿಚಿತ್ರ. 2013ರ ಮೊದಲ ಆಯ್ಕೆ. ಒಂದೇ ವರ್ಷಕ್ಕೆ ಬುಲ್‌ಡಾಗ್ಸ್ ಏಳು ವರ್ಷದ ಭಾರೀ ಒಪ್ಪಂದ ಕೊಟ್ಟು ಕರೆತಂದಿತು. ಹಣ ದಂಡ ಅಂದರು. 2016ರ ಫೈನಲ್ಲಿನಲ್ಲಿ ಸಿಡ್ನಿ ಎದುರು ಮೂರು ಗೋಲು ಹೊಡೆದ. ಅದರಲ್ಲಿ ಕೊನೆಯ ಕ್ವಾರ್ಟರಿನ ಒಂದು ತುಂಬ ದೂರದಿಂದ ಒದ್ದದ್ದು, ಪುಟಿಯುತ್ತಾ ಪುಟಿಯುತ್ತಾ ಕಂಬಗಳ ನಡುವೆ ಹೋಯಿತು. 1954ರ ನಂತರ ಕ್ಲಬ್ಬಿಗೆ ಅದೇ ಮೊದಲ ಪ್ರಶಸ್ತಿ. 2019ರಲ್ಲಿ, 23ನೇ ವಯಸ್ಸಿಗೇ, ಆಟ ಸಾಕು ಅಂದ. ಈಗ ಹೇಳಿ, ಇವನ ಪೊಟೆನ್ಷಿಯಲ್ ಕೈಗೂಡಿತೋ ಇಲ್ಲವೋ? ಟಾರ್ನೀಟಿನ ಅಡುಗೆಮನೆಗಳಲ್ಲಿ ಇದಕ್ಕೆ ಎರಡು ಉತ್ತರ ಸಿಗುತ್ತವೆ. ನನ್ನ ಮಟ್ಟಿಗೆ, 62 ವರ್ಷ ಕಾದವರಿಗೆ ಅದೊಂದು ಮಧ್ಯಾಹ್ನವೇ ಸಾಕು.

ಇನ್ನು 2004ರ ಡ್ರಾಫ್ಟ್. ನಾಲ್ಕನೇ ಆಯ್ಕೆಯಲ್ಲಿ ರಿಚ್ಮಂಡ್ ತಂಡ ರಿಚರ್ಡ್ ಟ್ಯಾಂಬ್ಲಿಂಗ್‌ನನ್ನು ತೆಗೆದುಕೊಂಡಿತು. ಅವನಾದಮೇಲೆ ಐದನೆಯದಾಗಿ ಹಾಥಾರ್ನ್ ಆರಿಸಿದ್ದು ಲ್ಯಾನ್ಸ್ ಫ್ರಾಂಕ್ಲಿನ್‌ನನ್ನು. ಫ್ರಾಂಕ್ಲಿನ್ 2022ರಲ್ಲಿ ಸಿಡ್ನಿಯಲ್ಲಿ ಸಾವಿರದ ಗೋಲು ಹೊಡೆದಾಗ ಜನ ಸಾವಿರಾರು ಸಂಖ್ಯೆಯಲ್ಲಿ ಮೈದಾನಕ್ಕೇ ನುಗ್ಗಿದರು. ನಿವೃತ್ತನಾಗುವಾಗ ಲೆಕ್ಕ 1066. ರಿಚ್ಮಂಡ್ ಅಭಿಮಾನಿಗಳ ಮುಂದೆ ಇವತ್ತಿಗೂ ಆ ದಿನದ ಮಾತೆತ್ತುವ ಹಾಗಿಲ್ಲ. ಆವತ್ತು ಇಬ್ಬರ ಬಗ್ಗೆಯೂ ಬಳಸಿದ್ದು ಒಂದೇ ಪದ, ಪೊಟೆನ್ಷಿಯಲ್.

ಇಲ್ಲಿಂದ ನನ್ನ ನಿಜವಾದ ಪ್ರಶ್ನೆ. ನಾವು ಸುಮ್ನೆ ನಾಮಪದ ಹುಡುಕಿಕೊಂಡು ಹೋಗುತ್ತಿದ್ದೇವೆ ಅನ್ನಿಸುತ್ತದೆ. ಕನ್ನಡ ಈ ಕೆಲಸವನ್ನು ಕ್ರಿಯಾಪದದಲ್ಲಿ ಮಾಡುತ್ತದೆ, ಅದೂ ಎರಡು ಬೇರೆ ಬೇರೆ ರೂಪದಲ್ಲಿ.

ಒಂದು ‘ಬಲ್ಲ’. ‘ಡಾರ್ಸಿ ಯಾರ ತಲೆಯ ಮೇಲಿಂದಲಾದರೂ ಚೆಂಡು ಹಿಡಿಯಬಲ್ಲ.’ ಇದು ಕಣ್ಣಾರೆ ಕಂಡ ಮಾತು. ಬೇಕಾದರೆ ಪಂದ್ಯ ಹಾಕಿ ತೋರಿಸಬಹುದು.

ಇನ್ನೊಂದು ಶಾಲೆಯಲ್ಲಿ ‘ಸಂಭಾವನಾರ್ಥಕ’ ಅಂತ ಕಲಿತದ್ದು. ಬಂದಾನು, ಗೆದ್ದಾನು, ಹೊಡೆದಾನು. ‘ಇನ್ನೆರಡು ವರ್ಷ ಕಳೆದರೆ ವರ್ಷಕ್ಕೆ ನೂರು ಗೋಲು ಹೊಡೆದಾನು.’ ಇದು ಊಹೆ. ಹೇಳಿದವನು ಇದಕ್ಕೆ ಹೊಣೆಯಲ್ಲ, ಹುಡುಗನಂತೂ ಅಲ್ಲವೇ ಅಲ್ಲ. ಸೊಗಸು ಏನೆಂದರೆ ಈ ರೂಪ ಆಸೆಗೂ ಆಗುತ್ತದೆ, ಅಳುಕಿಗೂ ಆಗುತ್ತದೆ. ‘ಗೆದ್ದಾನು’ ಅಂದ ಬಾಯಲ್ಲೇ ‘ಬಿದ್ದಾನು, ಜೋಕೆ’ ಅನ್ನುತ್ತೇವೆ. ಎರಡು ಮೀಟರ್ ಮೀರಿದ ಹುಡುಗ ಮೂರು ಜನರ ಮೇಲೆ ಹಾರಿದಾಗ ಬುಲ್‌ಡಾಗ್ಸ್ ಅಭಿಮಾನಿಯ ಎದೆಯಲ್ಲಿ ಇರುವುದು ಈ ಎರಡೂ. ಹಿಡಿದಾನು, ಬಿದ್ದಾನು. ಇಂಗ್ಲಿಷಿನ ಆ ಒಂದು ಪದ ಇಷ್ಟನ್ನು ಹೇಳುವುದಿಲ್ಲ.

ಮೊದಲ ಗುಂಪಿನವನು ಹೇಳುತ್ತಿರುವುದು ‘ಹೊಡೆಯಬಲ್ಲ’. ಎರಡನೆಯವನು ಹೇಳುತ್ತಿರುವುದು ‘ಹೊಡೆದಾನೋ ಏನೋ’. ಜಗಳದ ಗಂಟು ಇಷ್ಟೇ.

ತೊಂದರೆ ಇರುವುದು ಬಳಕೆಯಲ್ಲಿ. ಬೆಂಗಳೂರು-ಮೈಸೂರು ಕಡೆಯ ಮಾತಿನಲ್ಲಿ ‘ಹೊಡೆದಾನು’ ಸರಾಗವಾಗಿ ಬರುವುದನ್ನು ನಾನು ಕೇಳಿಲ್ಲ. ‘ಹೊಡೀಬಹುದು’ ಅಂತೀವಿ. ಆದರೆ ‘ಬಹುದು’ ಮೂರು ಕೆಲಸ ಹೊತ್ತಿದೆ. ಅಪ್ಪಣೆ, ಶಕ್ತಿ, ಊಹೆ ಮೂರೂ ಅದರಲ್ಲೇ. ‘ಅವನು ಅಲ್ಲಿಂದ ಒದೀಬಹುದು’ ಅಂದರೆ ಅಂಪೈರ್ ಬಿಟ್ಟನೇ, ಕಾಲಲ್ಲಿ ಅಷ್ಟು ಬಲ ಇದೆಯೇ, ಇಲ್ಲ ಮನಸ್ಸು ಮಾಡಿದರೆ ಒದ್ದಾನೇ, ಗೊತ್ತಾಗುವುದಿಲ್ಲ. ನೋಡಿ, ನನಗೇ ‘ಒದ್ದಾನೇ’ ಬೇಕಾಯಿತು.

ಹಾಗಂತ ಆ ರೂಪ ಸತ್ತಿಲ್ಲ. ಗಾದೆಯಲ್ಲಿ ಗಟ್ಟಿಯಾಗಿ ಕೂತಿದೆ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ವ್ಯಂಗ್ಯದಲ್ಲೂ ಇದೆ, ‘ಇವನೇನು ಹೊಡೆದಾನು!’ ಪ್ರಶ್ನೆಗೆ, ಕೊಂಕಿಗೆ ಉಳಿದು ನೇರ ಮಾತಿನಿಂದ ಮಾತ್ರ ಜಾರಿದೆ. ಯಾಕೆ ಹೀಗಾಯಿತು ಅಂತ ವ್ಯಾಕರಣ ಬಲ್ಲವರು ಯಾರಾದರೂ ಹೇಳಿದರೆ ಸಂತೋಷ.

ನಾಮಪದವೇ ಬೇಕು ಅನ್ನುವವರಿಗೆ ನನ್ನ ಓಟು ‘ಕಸುವು’. ‘ಮಣ್ಣಿನಲ್ಲಿ ಕಸುವಿದೆ’ ಅಂತ ರೈತರು ಹೇಳುವಾಗ ಬೆಳೆ ಬಂದೇ ಬರುತ್ತದೆ ಅಂತ ಅರ್ಥವಲ್ಲ. ಮಳೆ ಬೇಕು, ಹದ ಬೇಕು. ಕಸುವು ಇರುವುದು ಮಾತ್ರ ನಿಜ. ‘ಹುಡುಗನಲ್ಲಿ ಕಸುವಿದೆ’ ಅಂದರೆ ಹೊಗಳಿದ ಹಾಗೂ ಆಯಿತು, ಯಾರೂ ಯಾರಿಗೂ ಭರವಸೆ ಕೊಟ್ಟ ಹಾಗೂ ಆಗಲಿಲ್ಲ. ‘ಸರಕಿದೆ’ ಅನ್ನುವುದೂ ಚಾಲ್ತಿಯಲ್ಲಿದೆ, ಸ್ವಲ್ಪ ಕಟ್ಟೆಮಾತು. ‘ಮುಂದೆ ಬರುವ ಹುಡುಗ’ ಅನ್ನೋಣ ಅಂದರೆ ಮುಂಚೂಣಿ ಆಟಗಾರ ಆಗಲೇ ಮುಂದೆ ನಿಂತಿರುತ್ತಾನೆ.

‘ಸೀಲಿಂಗ್’ ಅಂತಲೂ ಇಲ್ಲಿ ಬಾಯಿಗೆ ಬಂದ ಹಾಗೆ ಬಳಸುತ್ತಾರೆ. ಇವನ ಸೀಲಿಂಗ್ ಎತ್ತರ, ಅವನದು ಕಡಿಮೆ ಅಂತ. ಎಲ್ಲಿಯತನಕ ಬೆಳೆದಾನು ಅನ್ನುವುದು ಅದರ ಅರ್ಥ. ಡಾರ್ಸಿ ವಿಷಯದಲ್ಲಿ ಇದನ್ನು ನೆಟ್ಟಗೆ ಕನ್ನಡಿಸಿದರೆ ನಗು ಬರುತ್ತದೆ, ಹುಡುಗ ಕೈ ಎತ್ತಿದರೆ ಮನೆಯ ಸೂರು ಸಿಗುತ್ತದೆ. ಅದೇ ಹಾಥಾರ್ನ್ ತಂಡದ ನಿಕ್ ವಾಟ್ಸನ್ ಬಗ್ಗೆಯೂ ಅಷ್ಟೇ ದೊಡ್ಡ ಸೀಲಿಂಗ್ ಅನ್ನುತ್ತಾರೆ, 2023ರ ಐದನೇ ಆಯ್ಕೆ. ಅವನ ಎತ್ತರ ಬರೀ 170. ಎತ್ತರದವರು ಹಾರಿ ಹಿಡಿಯಲಾಗದೆ ಕೆಳಗೆ ಬಿಟ್ಟ ಚೆಂಡನ್ನು ಕಾಲುಗಳ ಸಂದಿಯಿಂದ ಹೆಕ್ಕಿಕೊಂಡು, ತಿರುಗಿ ಒಂದೇ ಏಟಿಗೆ ಗೋಲು ಮಾಡುವವನು. ಅಡ್ಡಹೆಸರು ‘ಮಾಂತ್ರಿಕ’. ಇಂಥ ಕುಳ್ಳ ಆಟಗಾರನಿಗೆ ‘ಕ್ರಂಬರ್’ ಅನ್ನುತ್ತಾರೆ. ‘ಹೆಕ್ಕುಗ’ ಅನ್ನಬಹುದೇ? ಕರಾವಳಿ, ಮಲೆನಾಡಿನವರಿಗೆ ‘ಹೆಕ್ಕು’ ಮನೆಮಾತು, ಬಯಲುಸೀಮೆಯವರು ‘ಆಯು’ ಅಂತೀರಿ.

‘ಮಾರ್ಕ್’ ಪದವನ್ನು ಮಾತ್ರ ಹಾಗೇ ಬಿಡೋಣ ಅಂದುಕೊಂಡಿದ್ದೆ. ಆದರೆ ಊರಿಂದ ಬಂದಿದ್ದ ಅಮ್ಮ ಟಿವಿ ಮುಂದೆ ಕೂತಿದ್ದಾಗ ನಮ್ಮಲ್ಲೊಬ್ಬರು ‘ಹುಡುಗ ಇವತ್ತು ಎಂಟು ಮಾರ್ಕ್ ತಗೊಂಡ’ ಅಂತ ಕುಣಿದರು. ಅಮ್ಮ ಕೇಳಿದ್ದು, ‘ಎಷ್ಟಕ್ಕೆ?’ ‘ಬರೀ ಎಂಟಕ್ಕೆ ಇಷ್ಟು ಸಂಭ್ರಮವಾ’ ಅಂತಲೂ ಸೇರಿಸಿದರು. ‘ಹಾರುಹಿಡಿತ’ ಅಂತ ಒಬ್ಬರು ಸೂಚಿಸಿದ್ದಾರೆ. ನಿಂತಲ್ಲೇ ಎದೆಗೆ ಅವುಚಿಕೊಂಡರೂ ಅದು ಮಾರ್ಕೇ ಆದ್ದರಿಂದ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇನ್ನೊಬ್ಬನ ಹೆಗಲ ಮೇಲೆ ಏರಿ ಹಿಡಿಯುವ ‘ಸ್ಪೆಕಿ’ಗೆ ಇಟ್ಟುಕೊಳ್ಳಬಹುದು.

ಕೊನೆಗೆ ನನಗೆ ಬೇಕಾಗಿರುವುದು ಇಷ್ಟು. ಧಾರವಾಡ, ಕಲಬುರಗಿ, ಕುಂದಾಪುರ, ಶಿರಸಿ ಕಡೆಯವರು ದಯವಿಟ್ಟು ಬರೆಯಿರಿ. ನಿಮ್ಮ ಮನೆಮಾತಿನಲ್ಲಿ ‘ಹೊಡೆದಾನು’, ‘ಬಂದಾಳು’, ‘ಆದೀತು’ ವ್ಯಂಗ್ಯವಿಲ್ಲದೆ, ಪ್ರಶ್ನೆಯಿಲ್ಲದೆ, ನೇರ ಊಹೆಗೆ ಇವತ್ತಿಗೂ ಬರುತ್ತದೆಯೇ? ‘ಆದೀತು’ ಒಪ್ಪಿಗೆ ಸೂಚಿಸಲು ಬರುವುದು ಗೊತ್ತು, ಅದನ್ನು ಬಿಟ್ಟು ಹೇಳಿ. ಬರುತ್ತದೆ ಅನ್ನುವುದಾದರೆ ಒಂದೆರಡು ವಾಕ್ಯ ಕೇಳಿದ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಪತ್ರಿಕೆಯಲ್ಲಿ ಆಟಗಾರರಿಗೆ ‘ಅವರು’ ಅಂತಲೇ ಬರೆಯಬೇಕಾದ್ದರಿಂದ ‘ಹೊಡೆದಾರು’ ಅಂತ ಬಹುವಚನದಲ್ಲಿ ಬಂದರೆ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದನ್ನೂ ತಿಳಿಸಿ. ನನಗಂತೂ ‘ಹೊಡೆದಾರು ಜೋಕೆ’ ಅನ್ನುವ ಬೆದರಿಕೆಯೇ ಕೇಳಿಸುತ್ತಿದೆ.