ಯುದ್ಧದ ಟೈಮಲ್ಲಿ ಕಾಂಟ್ರ್ಯಾಕ್ಟರ್ ಮೋಸ ಹೊರಗೆ ಹಾಕ್ದೋರಿಗೆ ಅಮೆರಿಕದ ಕಾನೂನು ನಿಜವಾಗ್ಲೂ ಆಸರೆ ಆಗುತ್ತಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಬನ್ನಟೀನ್ ಗ್ರೀನ್‌ಹೌಸ್ ಅನ್ನೋರ ಬಗ್ಗೆ ಓದಿದಾಗಿಂದ ತಲೆ ಕೊರೀತಿದೆ. ಅಮೆರಿಕದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನಲ್ಲಿ ಕಾಂಟ್ರ್ಯಾಕ್ಟ್ ವಿಚಾರಕ್ಕೆಲ್ಲ ಅವ್ರೇ ಮುಖ್ಯ ಅಧಿಕಾರಿ. 2003ರಲ್ಲಿ ಇರಾಕ್‌ನ ತೈಲ ಬಾವಿ ರಿಪೇರಿ ಕೆಲಸಾನ ಪೈಪೋಟಿ ಟೆಂಡರೇ ಕರೀದೆ ಹ್ಯಾಲಿಬರ್ಟನ್‌ನ ಕೆಬಿಆರ್ ಕಂಪನಿಗೆ ಕೊಟ್ರಲ್ಲ, 700 ಕೋಟಿ ಡಾಲರ್‌ವರೆಗೂ ಹೋಗಬಹುದಾಗಿದ್ದ ಕಾಂಟ್ರ್ಯಾಕ್ಟು, ಅದನ್ನ ಪ್ರಶ್ನೆ ಮಾಡಿದೋರು ಇವ್ರು. ತುರ್ತು ಕೆಲಸ ಅಂತೀರಿ, ಮತ್ತೆ 5 ವರ್ಷಕ್ಕೆ ಯಾಕೆ ಅಂತ ಕೇಳಿ ಫೈಲಲ್ಲಿ ತಮ್ಮ ಸಹಿ ಪಕ್ಕದಲ್ಲೇ ಕೈಯಾರೆ ಆಕ್ಷೇಪ ಬರೆದ್ರು. 2005 ಜೂನಲ್ಲಿ ಸೆನೆಟರ್‌ಗಳ ಮುಂದೆ ಕೂತು ಎಲ್ಲಾ ಹೇಳಿದ್ರು. ಆಗಸ್ಟಲ್ಲಿ ಹುದ್ದೆಯಿಂದ ಕೆಳಗಿಳಿಸಿದ್ರು! ಅಲ್ಲಿ ಲಿಂಕನ್ ಕಾಲದಿಂದ್ಲೇ ಇದಕ್ಕೊಂದು ಕಾನೂನು ಇದೆ ಅಂತಾರಲ್ಲ, ಅದು ಇವ್ರ ಕೈ ಯಾಕೆ ಹಿಡೀಲಿಲ್ಲ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕರಿಕೋಟು:
ಒಳ್ಳೆ ಪ್ರಶ್ನೆ ಸರ್. ನೀವು ಹೇಳ್ತಿರೋದು ಫಾಲ್ಸ್ ಕ್ಲೇಮ್ಸ್ ಆಕ್ಟ್, 1863ದು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ರೋಗ ಹತ್ತಿದ ಕುದುರೆ, ಹೇಸರಗತ್ತೆ, ಮಳೆಗೆ ಬಿಚ್ಚಿಹೋಗೋ ಯೂನಿಫಾರ್ಮ್ ಎಲ್ಲಾ ಮಾರಿ ದುಡ್ಡು ಮಾಡ್ಕೋತಿದ್ರು, ಆಗ ತಂದಿದ್ದು. ಇದರ ವಿಶೇಷ ಏನು ಅಂದ್ರೆ, ವಿಷಯ ಗೊತ್ತಿರೋ ಯಾವ ಖಾಸಗಿ ವ್ಯಕ್ತಿ ಬೇಕಾದ್ರೂ ಸರ್ಕಾರದ ಹೆಸರಲ್ಲಿ ತಾನೇ ಕೇಸ್ ಹಾಕ್ಬೋದು, ವಸೂಲಾದ ದುಡ್ಡಲ್ಲಿ ಅವ್ರಿಗೂ ಪಾಲು. ಮೊದಲು ಅರ್ಧ ಪಾಲಿತ್ತು, 1943ರಲ್ಲಿ ಎರಡನೇ ಮಹಾಯುದ್ಧದ ಮಧ್ಯದಲ್ಲೇ ಕಾನೂನಿನ ಹಲ್ಲು ಕಿತ್ತರು, ನನಗೆ ಇದು ಈಗ್ಲೂ ಸಿಟ್ಟು ಬರಿಸೋ ವಿಷಯ. 1986ರಲ್ಲಿ ಮತ್ತೆ ಬಲ ಬಂತು: ನಷ್ಟದ ಮೂರು ಪಟ್ಟು ವಸೂಲಿ, ಕೇಸ್ ಹಾಕ್ದೋರಿಗೆ ಸಾಮಾನ್ಯವಾಗಿ ಶೇ. 15ರಿಂದ 30, ಕೆಲಸದಿಂದ ತೆಗೆದ್ರೆ ವಾಪಸ್ ಕೆಲಸ ಮತ್ತೆ ಬಾಕಿ ಸಂಬಳದ ಎರಡರಷ್ಟು.

ಆದ್ರೆ ಗ್ರೀನ್‌ಹೌಸ್ ಇದ್ದಿದ್ದು ಕಂಪನಿ ಒಳಗಲ್ಲ, ಸರ್ಕಾರದ ಒಳಗೆ. ಅವ್ರು ತೋರಿಸಿದ್ದು ಕಾಂಟ್ರ್ಯಾಕ್ಟ್ ಕೊಟ್ಟ ರೀತೀನೇ ತಪ್ಪು ಅಂತ, ಈ ಕಾನೂನು ಹಿಡಿಯೋದು ಸುಳ್ಳು ಬಿಲ್ಲನ್ನ. ಕಿರುಕುಳ ಕೊಟ್ಟಿದ್ದೂ ಸರ್ಕಾರವೇ, ಕೇಂದ್ರ ಸರ್ಕಾರದ ನೌಕರರು ಈ ಕಾನೂನಡಿ ಸರ್ಕಾರದ ಮೇಲೇ ಕೇಸ್ ಹಾಕೋಕಾಗಲ್ಲ. ಅವ್ರಿಗೆ ಬೇರೆ ದಾರಿ, ಅದು ತುಂಬಾ ನಿಧಾನ. 2011ರಲ್ಲಿ 9,70,000 ಡಾಲರ್‌ಗೆ ರಾಜಿ ಆಯ್ತು, ಕೆಳಗಿಳಿಸಿ ಆರು ವರ್ಷ ಆದ್ಮೇಲೆ.

ಪೊಟೊಮ್ಯಾಕ್ ಕನ್ನಡಿಗ:
ಕರಿಕೋಟು ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಕಂಪನಿ ಒಳಗಿದ್ದೋರಿಗೂ ಸಲೀಸಾಗೇನೂ ಇರ್ಲಿಲ್ಲ. ನಾನಿರೋದು ವರ್ಜೀನಿಯಾದಲ್ಲಿ, ಕಸ್ಟರ್ ಬ್ಯಾಟಲ್ಸ್ ಕೇಸ್ ನಡೆದಿದ್ದು ಇಲ್ಲೇ ಅಲೆಕ್ಸಾಂಡ್ರಿಯಾ ಕೋರ್ಟಲ್ಲಿ. ಬಾಗ್ದಾದ್ ಏರ್‌ಪೋರ್ಟ್ ಸೆಕ್ಯುರಿಟಿ, ಇರಾಕಿ ದಿನಾರ್ ಬದಲಾಯಿಸೋ ಕೆಲಸ ಎಲ್ಲಾ ಹಿಡಿದಿದ್ದ ಹೊಸ ಕಂಪನಿ. 2003ರಲ್ಲಿ ಒಂದು ಮೀಟಿಂಗ್ ಮುಗಿಸಿ ಹೋಗುವಾಗ ಅವರ ಕಡೆಯೋರು ಲೆಕ್ಕದ ಹಾಳೆ ಟೇಬಲ್ ಮೇಲೇ ಬಿಟ್ಟು ಹೋದ್ರು, ಅದರಲ್ಲಿ ಒಂದು ಕಡೆ ಆದ ಖರ್ಚು ಇನ್ನೊಂದು ಕಡೆ ಬಿಲ್ ಮಾಡಿದ ಮೊತ್ತ. ಕರೆಂಟಿಗೆ ಖರ್ಚು 74,000 ಡಾಲರ್, ಬಿಲ್ 4 ಲಕ್ಷ! ಕೇಸ್ ಹಾಕಿದೋರು ಇಬ್ರು, ಒಬ್ರು ಅಲ್ಲೇ ಕೆಲಸ ಮಾಡಿದೋರು, ಇನ್ನೊಬ್ರು ಸಬ್ ಕಾಂಟ್ರ್ಯಾಕ್ಟರ್. ನ್ಯಾಯ ಇಲಾಖೆ ಕೈ ಜೋಡಿಸ್ಲೇ ಇಲ್ಲ. ಆದ್ರೂ 2006ರಲ್ಲಿ ಜ್ಯೂರಿ ಸುಮಾರು 1 ಕೋಟಿ ಡಾಲರ್ ಕಟ್ಟಬೇಕು ಅಂತು. ಆಮೇಲೆ ಜಡ್ಜ್ ಅದನ್ನ ಪಕ್ಕಕ್ಕಿಟ್ರು, ಆ ಬಿಲ್ ಹೋಗಿದ್ದು ಇರಾಕ್‌ನ ತಾತ್ಕಾಲಿಕ ಆಡಳಿತಕ್ಕೆ, ಅಮೆರಿಕ ಸರ್ಕಾರಕ್ಕೆ ಹೋಗಿದ್ದು ಅಂತ ಸಾಬೀತಾಗಿಲ್ಲ ಅಂತ. ಅಲ್ಲಿ ಕೂತಿದ್ದ ಅಮೆರಿಕದ ಅಧಿಕಾರಿಗಳಿಗೆ ಕೊಟ್ಟಿದ್ರೂ ಕಾನೂನು ಅನ್ವಯ ಆಗುತ್ತೆ ಅಂತ ಮೇಲಿನ ಕೋರ್ಟ್ ಹೇಳೋಕೆ 2009 ಬರಬೇಕಾಯ್ತು.

ನೇರಮಾತು:
ಎಲ್ಲಾ ಸರಿ, ಆದ್ರೆ ದುಡ್ಡಿನ ಪಾಲು ಕೊಡೋದು ನನಗೆ ಯಾಕೋ ಒಪ್ಪಿಗೆ ಆಗ್ತಿಲ್ಲ. ಸೈನಿಕರ ಜೀವದ ವಿಷಯ ಇದು, ದೇಶಕ್ಕೋಸ್ಕರ ಹೇಳ್ಬೇಕು, ಬಹುಮಾನ ಇಟ್ರೆ ಆಸೆಗೆ ಸುಳ್ಳು ಕೇಸ್ ಹಾಕೋರು ಹುಟ್ಕೋತಾರೆ.

ತುಂಗಾತೀರ:
ನೇರಮಾತು ಅವ್ರೇ, ದೇಶಕ್ಕೋಸ್ಕರಾನೇ ಹೇಳಿದೋರ ಗತಿ ನಮ್ಮಲ್ಲಿ ಏನಾಯ್ತು ನೋಡಿ. ನಮ್ಮ ಕೆಜಿಎಫ್ ಕಡೆ ಬೆಳೆದ, ಮೈಸೂರಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿ, ಕಲಬೆರಕೆ ಪೆಟ್ರೋಲ್ ಬಂಕ್ ವಿರುದ್ಧ ನಿಂತಿದ್ದಕ್ಕೆ 2005ರಲ್ಲಿ ಲಖೀಂಪುರ ಖೇರಿಯಲ್ಲಿ ಗುಂಡು ಹಾಕಿ ಕೊಂದ್ರು. ಅದು ಯುದ್ಧದ ವಿಷಯ ಅಲ್ಲ, ಒಪ್ತೀನಿ. ಆದ್ರೆ ಇಂಥವ್ರಿಗೆ ರಕ್ಷಣೆ ಕೊಡೋಕೆ 2014ರಲ್ಲಿ ಸಂಸತ್ತು ಕಾನೂನು ಪಾಸ್ ಮಾಡಿಯೂ ಜಾರಿಗೆ ತರದೆ ವರ್ಷಗಟ್ಟಲೆ ಇಟ್ಕೊಂಡ್ರಲ್ಲ, ಅದು ಹೊಟ್ಟೆ ಉರಿಸುತ್ತೆ. ಕೆಲಸ ಹೋದ್ಮೇಲೆ ಮನೆ ನಡೀಬೇಕಲ್ಲ, ಆ ಪಾಲು ಅದಕ್ಕೇ ಅಂತ ಅಂದ್ಕೊಳ್ಳಿ.

ಕರಿಕೋಟು:
ಸುಳ್ಳು ಕೇಸಿನ ಭಯಕ್ಕೆ ಅಲ್ಲಿ ವ್ಯವಸ್ಥೆ ಇದೆ. ದೂರು ಮೊದಲು ಮುಚ್ಚಿದ ಲಕೋಟೇಲೇ ಕೋರ್ಟಿಗೆ ಹೋಗುತ್ತೆ, ಕನಿಷ್ಠ 60 ದಿನ ಕಂಪನಿಗೂ ಗೊತ್ತಾಗಲ್ಲ, ಅಷ್ಟರಲ್ಲಿ ಸರ್ಕಾರ ತನಿಖೆ ಮಾಡುತ್ತೆ, ಅವಧಿ ಹೆಚ್ಚಾಗಿ ಮುಂದಕ್ಕೂ ಹೋಗುತ್ತೆ. ಬರೀ ಕಿರುಕುಳಕ್ಕೆ ಹಾಕಿದ ಕೇಸ್ ಅಂತ ಕಂಡ್ರೆ ಎದುರು ಪಕ್ಷದ ವಕೀಲರ ಖರ್ಚೂ ಕಟ್ಟಿಸಬಹುದು. ಮತ್ತೆ ಒಂದೇ ಮೋಸದ ಬಗ್ಗೆ ಮೊದಲು ಬಂದೋರ ಕೇಸ್ ಮಾತ್ರ ನಿಲ್ಲುತ್ತೆ. ಅದಕ್ಕೇ ಇದನ್ನ ಓದ್ತಿರೋರಲ್ಲಿ ಅಲ್ಲಿನ ಡಿಫೆನ್ಸ್ ಕಂಪನಿಗಳಲ್ಲಿ ಕೆಲಸ ಮಾಡ್ತಿರೋ ಯಾರಾದ್ರೂ ಇಂಥದ್ದು ಕಂಡಿದ್ರೆ ಇಲ್ಲಿ ವಿವರ ಹಾಕ್ಬೇಡಿ, ವಾಟ್ಸಾಪಲ್ಲೂ ಬೇಡ, ಮೊದಲು ಈ ಕಾನೂನು ಗೊತ್ತಿರೋ ಅಲ್ಲಿನ ವಕೀಲರನ್ನ ಹೋಗಿ ನೋಡಿ.